ಪಂಡಿತ ಶಾಮಶಾಸ್ತ್ರಿಗಳೂ ಪರರಾಷ್ಟ್ರನೀತಿಯೂ

ರಾಷ್ಟ್ರ ರಾಷ್ಟ್ರಗಳ ನಡುವಣ ವ್ಯವಹಾರವನ್ನು ಕುರಿತು ವಿದ್ಯಾಲಯಗಳಲ್ಲಿ ಪಾಠ ಹೇಳುವಾಗ ಗ್ರೀಸಿನ ಥುಸಿಡೈಡೀಸನಿಂದ ಆರಂಭಿಸಿ, ಇಟಲಿಯ ಮಾಕಿಯಾವೆಲ್ಲಿಯನ್ನು ಹಾದು, 1648ರ ವೆಸ್ಟ್‌ಫಾಲಿಯಾ ಒಡಂಬಡಿಕೆಗೆ ಬಂದು ಸೇರುವುದು ಬಹುಕಾಲದಿಂದ ರೂಢಿಯಾಗಿದೆ. ಯೂರೋಪು ಖಂಡವೊಂದೇ ಈ ವಿಷಯವನ್ನು ಶಾಸ್ತ್ರರೂಪವಾಗಿ ಚಿಂತಿಸಿತೆಂಬ ಭಾವನೆ ಇದರಿಂದ ಬೇರೂರಿತು. ಆ ಬೇರನ್ನು ಅಲುಗಿಸಿದವರು ಮೈಸೂರಿನ ಗ್ರಂಥಭಂಡಾರದಲ್ಲಿ ಓಲೆಗರಿಗಳನ್ನು ಓದುತ್ತಿದ್ದ ಒಬ್ಬ ಪಂಡಿತರೆಂಬುದನ್ನು ಕನ್ನಡಿಗರಲ್ಲಿಯೇ ಅನೇಕರು ಮರೆತಿರುವುದರಿಂದ, ಅವರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ರುದ್ರಪಟ್ಟಣದ ಶಾಮಶಾಸ್ತ್ರಿಗಳು 1868ರಲ್ಲಿ ಕಾವೇರೀ ತೀರದ ಆ ಗ್ರಾಮದಲ್ಲಿ ಜನಿಸಿದರು. ಸಂಸ್ಕೃತದಲ್ಲಿ ಪಾಂಡಿತ್ಯವನ್ನು ಸಂಪಾದಿಸಿದುದಲ್ಲದೆ, ಮದರಾಸು ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನೂ ಪಡೆದರು. ಶಾಸ್ತ್ರವನ್ನು ಬಲ್ಲವರಿಗೆ ಆಂಗ್ಲಭಾಷೆ ತಿಳಿಯದೆ, ಆಂಗ್ಲಭಾಷೆಯನ್ನು ಬಲ್ಲವರಿಗೆ ಶಾಸ್ತ್ರ ತಿಳಿಯದೆ ಇದ್ದ ಆ ಕಾಲದಲ್ಲಿ ಈ ಎರಡು ವಿದ್ಯೆಗಳೂ ಒಬ್ಬರಲ್ಲಿ ಸೇರಿದುದು ವಿರಳವೇ ಸರಿ. ದಿವಾನ್ ಶೇಷಾದ್ರಿ ಅಯ್ಯರವರ ಆಶ್ರಯ ದೊರೆತು, 1891ರಲ್ಲಿ ಸ್ಥಾಪಿತವಾಗಿದ್ದ ಮೈಸೂರು ಸರ್ಕಾರದ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಅವರು ಉದ್ಯೋಗಸ್ಥರಾದರು.

ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು, ತಮ್ಮ ಹೆಸರನ್ನು ಸಹ ಚರಿತ್ರೆಗೆ ಉಳಿಸದೆ, ಗ್ರಂಥಲಿಪಿಯ ಒಂದು ಓಲೆಕಟ್ಟನ್ನು ಈ ಭಂಡಾರಕ್ಕೆ ಒಪ್ಪಿಸಿದರು. ಅದೇ ಕೌಟಿಲ್ಯನ ಅರ್ಥಶಾಸ್ತ್ರ. ದಂಡಿಯೂ ಬಾಣನೂ ಈ ಶಾಸ್ತ್ರವನ್ನು ಹೆಸರಿಸಿದ್ದರು, ಕಾಮಂದಕನು ಇದನ್ನೇ ಆಧಾರವಾಗಿಟ್ಟುಕೊಂಡಿದ್ದನು. ಆದರೆ ಮೂಲಗ್ರಂಥವು ನಷ್ಟವಾಯಿತೆಂದೇ ವಿದ್ವಾಂಸರು ಭಾವಿಸಿದ್ದರು. ಕೈಯಲ್ಲಿದ್ದುದು ಒಂದೇ ಪ್ರತಿ, ವ್ಯಾಖ್ಯಾನದ ತುಣುಕು ಮಾತ್ರ ಜೊತೆಗಿತ್ತು, ಪಾಠವೋ ದೋಷಬಹುಳ, ಪಾರಿಭಾಷಿಕ ಶಬ್ದಗಳಿಗೆ ನಿಘಂಟುಗಳಲ್ಲಿ ಅರ್ಥವಿಲ್ಲ. ಶಾಸ್ತ್ರಿಗಳು ಎದೆಗುಂದಲಿಲ್ಲ. 1905ರಲ್ಲಿ ಅನುವಾದದ ಭಾಗಗಳನ್ನು ಪ್ರಕಟಿಸಿದರು. 1909ರಲ್ಲಿ ಮೂಲವನ್ನು ಮೈಸೂರಿನಲ್ಲಿ ಅಚ್ಚು ಹಾಕಿಸಿದರು. 1915ರಲ್ಲಿ ಸಂಪೂರ್ಣ ಆಂಗ್ಲಾನುವಾದವನ್ನು ಫ್ಲೀಟ್ ಮಹಾಶಯರ ಪೀಠಿಕೆಯೊಡನೆ ಹೊರತಂದರು.

ಹದಿನೈದು ಅಧಿಕರಣಗಳ ಈ ಗ್ರಂಥದಲ್ಲಿ ತೆರಿಗೆ, ಗಣಿ, ನ್ಯಾಯಸ್ಥಾನ, ಬೇಹು ಮೊದಲಾದ ವಿಷಯಗಳೆಲ್ಲ ಇವೆ. ಆದರೆ ಪ್ರಪಂಚವನ್ನು ಬೆರಗುಗೊಳಿಸಿದುದು ಅದರ ಮಂಡಲ ವಿಚಾರ. ಗೆಲುವನ್ನು ಬಯಸುವ ರಾಜನ ಎಲ್ಲೆಗೆ ಹೊಂದಿದವನು ಶತ್ರು, ಆ ಶತ್ರುವಿನ ಆಚೆಯವನು ಮಿತ್ರ; ಬೆನ್ನ ಹಿಂದೆಯೂ ಇದೇ ಕ್ರಮ; ಇವರಲ್ಲದೆ ಮಧ್ಯಮ ಮತ್ತು ಉದಾಸೀನ; ಹೀಗೆ ಹನ್ನೆರಡು ರಾಜರ ಚಕ್ರ. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವಗಳೆಂಬ ಆರು ಉಪಾಯಗಳಲ್ಲಿ ಯಾವುದು ಯಾವಾಗ ಯುಕ್ತವೆಂಬುದನ್ನು ಬಲಾಬಲವನ್ನು ತೂಗಿ ನಿರ್ಣಯಿಸಬೇಕು. ಯೂರೋಪಿನವರು ಬಲಸಮತೆಯೆಂದು ಕರೆದ ವಿಚಾರಕ್ಕೆ ಸಮೀಪವಾದ ವಿವೇಚನೆ ಇಲ್ಲಿ ಬಹು ಹಿಂದೆಯೇ ಶಾಸ್ತ್ರವಾಗಿತ್ತು. 1919ರಲ್ಲಿ ಬಿನಯಕುಮಾರ ಸರ್ಕಾರರು ಹಿಂದೂ ಪರರಾಷ್ಟ್ರನೀತಿಯನ್ನು ಕುರಿತು ಅಮೆರಿಕದ ರಾಜನೀತಿ ಪತ್ರಿಕೆಯೊಂದರಲ್ಲಿ ಬರೆಯಲು ಈ ಗ್ರಂಥವೇ ಬಲವಾಯಿತು.

ಅದೇ ವರ್ಷ ಜರ್ಮನಿಯ ಮ್ಯಾಕ್ಸ್ ವೇಬರರು, ಕೌಟಿಲ್ಯನ ಮುಂದೆ ಮಾಕಿಯಾವೆಲ್ಲಿಯು ಸಾಧುವೆಂಬ ಅಭಿಪ್ರಾಯವನ್ನು ಕೊಟ್ಟರು. ಇದು ಅರ್ಧಸತ್ಯವೆಂದು ನಮಗೆ ತೋರುತ್ತದೆ. ವಿಷಪ್ರಯೋಗವನ್ನೂ ಕಪಟವನ್ನೂ ಈ ಗ್ರಂಥ ಮುಚ್ಚಿಡುವುದಿಲ್ಲವೆಂಬುದು ನಿಜ. ಆದರೆ ಸಂಧಿಯಿಂದಲೂ ಯುದ್ಧದಿಂದಲೂ ಲಾಭ ಸಮವಾಗಿದ್ದರೆ ಸಂಧಿಯೇ ಮೇಲೆಂದೂ, ಗೆದ್ದ ನಾಡಿನ ಜನರ ಭಾಷೆ ವೇಷ ಆಚಾರಗಳನ್ನು ರಾಜನು ತಾನೂ ಅನುಸರಿಸಬೇಕೆಂದೂ ವಿಧಿಸಿದವನು ಇದೇ ಕೌಟಿಲ್ಯ. ಪರರ ಅಳತೆಗೋಲಿನಿಂದ ಅಳೆದಾಗ ಈ ಭಾಗ ಕಣ್ಣಿಗೆ ಬೀಳದೆ ಹೋಗುತ್ತದೆ.

ಹಾಗೆಂದು ವೃಥಾಭಿಮಾನವೂ ಸಲ್ಲದು. ಗ್ರಂಥವು ಮೌರ್ಯ ಚಂದ್ರಗುಪ್ತನ ಕಾಲದ್ದೆಂದು ಶಾಸ್ತ್ರಿಗಳು ನಂಬಿದ್ದರು. ಇಂದು ಅನೇಕ ವಿದ್ವಾಂಸರು ಅದನ್ನು ಹಲವರ ಕೈಯಿಂದ ಬೆಳೆದ, ಈಚಿನ ಕಾಲದ ಕೃತಿಯೆಂದು ವಾದಿಸುತ್ತಾರೆ. ಅನುವಾದದ ಅನೇಕ ಅರ್ಥಗಳನ್ನು ಗಣಪತಿಶಾಸ್ತ್ರಿಗಳೂ ಕಾಂಗ್ಲೆಯವರೂ ಮುಂದೆ ತಿದ್ದಿದರು. ಇದರಿಂದ ಮೊದಲಿಗರ ಕೀರ್ತಿಗೆ ಕುಂದಿಲ್ಲ; ತಿದ್ದುವವರಿಗೆ ಪುಸ್ತಕವನ್ನು ಒದಗಿಸಿದವರೇ ಅವರಲ್ಲವೆ?

ಶಾಸ್ತ್ರಿಗಳು ಮೈಸೂರಿನ ಪುರಾತತ್ತ್ವ ಇಲಾಖೆಯ ಮುಖ್ಯಾಧಿಕಾರಿಗಳಾಗಿ, ಮಹಾಮಹೋಪಾಧ್ಯಾಯರೆಂಬ ಬಿರುದನ್ನು ಪಡೆದು, 1944ರಲ್ಲಿ ದಿವಂಗತರಾದರು. ಅವರ ಸ್ಮರಣೆಗೆ ಯೋಗ್ಯವಾದ ಕಾರ್ಯವೆಂದರೆ, ಥುಸಿಡೈಡೀಸನನ್ನು ಓದುವ ಪೀಠದ ಮೇಲೆಯೇ ಕೌಟಿಲ್ಯನನ್ನೂ, ಚೀನದ ಹಾನ್ ಫೇಯನನ್ನೂ, ಟ್ಯೂನಿಸ್ಸಿನ ಇಬ್ನ್ ಖಾಲ್ದೂನನನ್ನೂ ಇಟ್ಟು, ಒಬ್ಬರಿಂದ ಇನ್ನೊಬ್ಬರನ್ನು ಪರೀಕ್ಷಿಸುವುದು. ಪ್ರಪಂಚವನ್ನು ಒಂದೇ ಕಿಟಕಿಯಿಂದ ನೋಡಿದವರು ಅದರ ಒಂದು ಬೀದಿಯನ್ನು ಮಾತ್ರ ಕಂಡಿರುತ್ತಾರೆ. ನಮ್ಮ ಭಂಡಾರಗಳಲ್ಲಿ ಇನ್ನೂ ಬಿಚ್ಚದ ಓಲೆಕಟ್ಟುಗಳು ಎಷ್ಟೋ ಇವೆ. ಅವುಗಳನ್ನು ಓದಬಲ್ಲ ತರುಣರನ್ನು ಸಿದ್ಧಪಡಿಸುವ ಹೊಣೆ ಸರ್ಕಾರಕ್ಕೂ ವಿದ್ಯಾಪೀಠಗಳಿಗೂ ಸೇರಿದೆಯೆಂದು ನಾವು ವಿಜ್ಞಾಪಿಸುತ್ತೇವೆ.