ದೇಶಬಂಧು ಚಿತ್ತರಂಜನ ದಾಸರು

ಚಿತ್ತರಂಜನ ದಾಸರು 1870ನೆಯ ಇಸವಿ ನವೆಂಬರು 5ನೆಯ ತಾರೀಖು ಕಲ್ಕತ್ತೆಯಲ್ಲಿ ಜನಿಸಿದರು. ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರರಾಗಿ ಸ್ವದೇಶಕ್ಕೆ ಮರಳಿದ ಇವರು, ಅಲೀಪುರದ ಬಾಂಬು ಮೊಕದ್ದಮೆಯಲ್ಲಿ ಅರವಿಂದ ಘೋಷರ ಪರವಾಗಿ ವಾದಿಸಿ 1909ರಲ್ಲಿ ಅವರ ಬಿಡುಗಡೆಯನ್ನು ಸಾಧಿಸಿದರು. ಸಂಪಾದನೆಯು ಹೆಚ್ಚಲು, ಕಾಯಿದೆಯ ನಿರ್ಬಂಧವಿಲ್ಲದಿದ್ದರೂ ತಂದೆಯವರ ಹಳೆಯ ಸಾಲಗಳನ್ನು ತಾವಾಗಿಯೇ ತೀರಿಸಿದರು.

1919ನೆಯ ಇಸವಿಯ ಮಾಂಟೆಗು-ಚೆಮ್ಸ್‌ಫರ್ಡ್ ಸುಧಾರಣೆಗಳು ಪ್ರಾಂತಗಳಲ್ಲಿ ಇಬ್ಬಗೆಯ ಆಡಳಿತವನ್ನು ಸ್ಥಾಪಿಸಿದುವು. ವಿದ್ಯೆ, ಆರೋಗ್ಯ ಮುಂತಾದ ಇಲಾಖೆಗಳು ಮಂತ್ರಿಗಳ ಕೈಗೆ ಬಂದುವು; ಹಣಕಾಸು, ಪೋಲೀಸು ಮುಂತಾದುವು ಗವರ್ನರರ ವಶದಲ್ಲಿಯೇ ಉಳಿದುವು. ಹೊಣೆಯು ಒಬ್ಬರದು, ಬೊಕ್ಕಸದ ಬೀಗದಕೈ ಮತ್ತೊಬ್ಬರದು. ಇಂತಹ ಶಾಸನಸಭೆಗಳನ್ನು ಕಾಂಗ್ರೆಸ್ಸು 1920ರಲ್ಲಿ ಬಹಿಷ್ಕರಿಸಿತು. ದಾಸರು ಮೊದಲು ಇದಕ್ಕೆ ಒಡಂಬಡದಿದ್ದರೂ, ನಾಗಪುರದ ಅಧಿವೇಶನದಲ್ಲಿ ಅಸಹಕಾರವನ್ನು ಅಂಗೀಕರಿಸಿ ತಮ್ಮ ವಿಪುಲ ಆದಾಯದ ವೃತ್ತಿಯನ್ನು ತ್ಯಜಿಸಿದರು. 1921ರ ಡಿಸೆಂಬರಿನಲ್ಲಿ ಅವರ ಪತ್ನಿ ಬಾಸಂತೀ ದೇವಿಯವರು ಕಲ್ಕತ್ತೆಯ ಬೀದಿಯಲ್ಲಿ ಖಾದಿಯನ್ನು ಮಾರುತ್ತಿದ್ದಾಗ ಬಂಧಿತರಾದರು. ಕೆಲವೇ ದಿನಗಳಲ್ಲಿ ದಾಸರೂ ಸೆರೆಮನೆಯನ್ನು ಸೇರಿದರು.

1922ರಲ್ಲಿ ಗಾಂಧೀಜಿಯವರು ಚಳವಳಿಯನ್ನು ನಿಲ್ಲಿಸಿದ ಬಳಿಕ, ಶಾಸನಸಭೆಯ ಒಳಹೊಕ್ಕು ಅದರ ಟೊಳ್ಳನ್ನು ಬಯಲುಮಾಡುವುದೇ ಮೇಲೆಂದು ದಾಸರು ನಿಶ್ಚಯಿಸಿದರು. ಅದೇ ವರ್ಷ ಗಯಾ ಕಾಂಗ್ರೆಸ್ಸಿನಲ್ಲಿ ಅಧ್ಯಕ್ಷರಾಗಿದ್ದ ಅವರ ಮತವೇ ಪರಾಭವ ಹೊಂದಿತು. ಅವರು ಅಧ್ಯಕ್ಷ ಪದವಿಯನ್ನು ಬಿಟ್ಟು, ಮೋತಿಲಾಲ ನೆಹರೂರವರೊಡನೆ ಸ್ವರಾಜ್ಯ ಪಕ್ಷವನ್ನು ಕಟ್ಟಿದರು. ಸರಕಾರವು ಕೊಟ್ಟ ಸುಧಾರಣೆಯು ಹೀಗೆ ದೇಶಭಕ್ತರನ್ನೇ ಎರಡು ಪಂಗಡವಾಗಿಸಿತು.

1923ರ ಚುನಾವಣೆಯಲ್ಲಿ ಬಂಗಾಳದ ಸಭೆಯಲ್ಲಿ ಅವರದೇ ಅತಿ ದೊಡ್ಡ ಪಕ್ಷವಾಯಿತು. ಗವರ್ನರರಾದ ಲಾರ್ಡ್ ಲಿಟ್ಟನ್ನರು ಮಂತ್ರಿಮಂಡಲವನ್ನು ರಚಿಸಲು ಕರೆದರೂ ದಾಸರು ಒಪ್ಪಲಿಲ್ಲ. 1924ರಲ್ಲಿ ಸಭೆಯು ಮಂತ್ರಿಗಳ ವೇತನವನ್ನೇ ನಿರಾಕರಿಸಿತು. ಆ ಚುನಾವಣೆಯಲ್ಲಿ ಬಂಗಾಳದ ಸ್ತ್ರೀಯರಿಗೆ ಮತವಿರಲಿಲ್ಲವೆಂಬುದನ್ನೂ ನಾವು ಮರೆಯಲಾಗದು; ಅದು ದೊರೆತದ್ದು 1925ರಲ್ಲಿ.

ಒಡೆದ ಮನೆಯು ಮತ್ತೆ ಕೂಡಿದ್ದು ನಮ್ಮ ಕನ್ನಡ ನಾಡಿನಲ್ಲಿ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಸೇರಿದ ಕಾಂಗ್ರೆಸ್ಸು, ಶಾಸನಸಭೆಗಳಲ್ಲಿ ಸ್ವರಾಜ್ಯ ಪಕ್ಷದ ಕಾರ್ಯವನ್ನು ತನ್ನದೆಂದು ಅಂಗೀಕರಿಸಿತು. ಆರು ತಿಂಗಳೊಳಗೆ, 1925ರ ಜೂನ್ 16ರಂದು, ಡಾರ್ಜಿಲಿಂಗಿನಲ್ಲಿ ದಾಸರು ದಿವಂಗತರಾದರು. ಅವರು ದೇಶಕ್ಕೆ ಒಪ್ಪಿಸಿದ್ದ ವಾಸದ ಮನೆಯು 1926ರಲ್ಲಿ ಸ್ತ್ರೀಯರ ಆಸ್ಪತ್ರೆಯಾಯಿತು.

ಶಾಸನಸಭೆಯ ಪ್ರವೇಶವು ಸರಿಯೋ ತಪ್ಪೋ ಎಂಬ ವಾದವನ್ನು ನಾವಿಲ್ಲಿ ತೀರ್ಮಾನಿಸಲಾರೆವು. ಆದರೆ ಸೋತಾಗ ಪದವಿಯನ್ನು ಬಿಟ್ಟುಕೊಟ್ಟು, ಗೆದ್ದಾಗ ಅಧಿಕಾರವನ್ನು ಒಲ್ಲೆನೆಂದವರು ವಿರಳರು. ಜನರು ಅವರನ್ನು ದೇಶಬಂಧುವೆಂದು ಕರೆದರು.