ಚಳಿಜ್ವರದ ಸೊಳ್ಳೆಯನ್ನು ಗುರುತಿಸಿದ ರಾಸ್

ಚಳಿಜ್ವರ ಕೆಟ್ಟ ಗಾಳಿಯಿಂದ ಬರುತ್ತದೆಂದು ಒಂದು ಕಾಲದಲ್ಲಿ ಲೋಕವೇ ನಂಬಿತ್ತು. ಮಲೇರಿಯಾ ಎಂಬ ಹೆಸರಿನ ಅರ್ಥವೂ ಅದೇ. ಆ ನಂಬಿಕೆಯನ್ನು ಅಳಿಸಿದ ಸರ್ ರೊನಾಲ್ಡ್ ರಾಸ್ ಅವರ ಬದುಕಿನಲ್ಲಿ ಬೆಂಗಳೂರಿಗೂ ಒಂದು ಪಾಲಿದೆ ಎಂಬುದನ್ನು ನಾವು ನೆನೆಯಬೇಕು.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಅಲ್ಮೋರಾದಲ್ಲಿ. ತಂದೆ ಸೇನಾಧಿಕಾರಿ. ಸಾಹಿತ್ಯದತ್ತ ಒಲವಿದ್ದ ಮಗ ತಂದೆಯ ಇಚ್ಛೆಯಂತೆ ವೈದ್ಯನಾಗಿ 1881ರಲ್ಲಿ ಮದರಾಸು ಪ್ರಾಂತದ ಸೇವೆಗೆ ಬಂದ. ಕಾಸರಗೋಡೂ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆ ಆಗ ಅದೇ ಪ್ರಾಂತದಲ್ಲಿತ್ತು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ ಬಂಗಲೆಯ ಕಿಟಕಿಯ ಬಳಿ ಇದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಹುಳುಗಳನ್ನು ಕಂಡು ಅದನ್ನು ಮಗುಚಿಸಿದರು. ಸೊಳ್ಳೆಕಾಟ ತಗ್ಗಿತು.

ಮಲೇರಿಯಾ ತರುವುದು ರಕ್ತದಲ್ಲಿ ಬದುಕುವ ಏಕಕೋಶ ಪರೋಪಜೀವಿ ಎಂದು ಫ್ರಾನ್ಸಿನ ಲಾವೆರಾನ್ 1880ರಲ್ಲಿಯೇ ಕಂಡಿದ್ದರು. ಅದು ಸೊಳ್ಳೆಯನ್ನು ಆಶ್ರಯಿಸೀತು ಎಂಬ ಊಹೆಯನ್ನು 1894ರಲ್ಲಿ ಲಂಡನ್ನಿನ ಮ್ಯಾನ್ಸನ್ ಅವರಿಂದ ಪಡೆದ ರಾಸ್, ಮರುವರ್ಷದಿಂದ ಸೊಳ್ಳೆಗಳನ್ನು ಸೀಳಿ ನೋಡತೊಡಗಿದರು. ನಡುವೆ ಕಾಲರಾ ತಡೆಯಲು ಮತ್ತೆ ಬೆಂಗಳೂರಿಗೆ ವರ್ಗವಾಯಿತು. ಎರಡು ವರ್ಷ ಏನೂ ದೊರೆಯಲಿಲ್ಲ. ಕಾರಣ ಸರಳ: ಅವರ ಕೈಗೆ ಸಿಗುತ್ತಿದ್ದುದು ಬೇರೆ ಜಾತಿಯ ಸೊಳ್ಳೆ. ಜಾತಿ ತಿಳಿಸುವ ಗ್ರಂಥ ಬಳಿಯಲ್ಲಿರಲಿಲ್ಲ. ಬೂದು ಬಣ್ಣದ್ದು, ಪಟ್ಟೆಯದು, ಚುಕ್ಕೆರೆಕ್ಕೆಯದು ಎಂದು ತಾವೇ ಹೆಸರಿಟ್ಟುಕೊಂಡರು.

1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿ, ಕಡಿತಕ್ಕೆ ಒಂದಾಣೆಯಂತೆ ಪಡೆದು, ಚುಕ್ಕೆರೆಕ್ಕೆಯ ಸೊಳ್ಳೆಗಳಿಗೆ ಮೈಯೊಡ್ಡಿದ. 20ರಂದು ಅಂಥ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಪ್ಪುಕಣಗಳುಳ್ಳ ಕೋಶಗಳು ಕಂಡವು. ಅದೇ ಅನಾಫಿಲಿಸ್. ಮರುವರ್ಷ ಕಲಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾ ಬೂದು ಸೊಳ್ಳೆಯ ಜೊಲ್ಲಿನಿಂದ ಹರಡುವುದನ್ನು ರಾಸ್ ತೋರಿಸಿದರು. ಮನುಷ್ಯನ ಜ್ವರದ ದಾರಿಯನ್ನು ಇಟಲಿಯವರು ಅದೇ ವರ್ಷ ಸಿದ್ಧಪಡಿಸಿದರು. 1902ರಲ್ಲಿ ರಾಸ್‌ರಿಗೆ ನೊಬೆಲ್ ಬಂತು. 1903ರಲ್ಲಿ ಮದರಾಸಿನ ಡೊನೊವನ್ ಕಂಡ ಕಾಲಾ ಅಜಾರಿನ ಜೀವಿ ತಿಳಿದ ಯಾವ ಕುಲಕ್ಕೂ ಸೇರದೆಂದು ಅರಿತು, ಲೀಶ್ಮನ್ ಮತ್ತು ಡೊನೊವನ್ ಹೆಸರನ್ನೇ ಅದಕ್ಕೆ ಇಟ್ಟರು. 1932ರ ಸೆಪ್ಟೆಂಬರ್ 16ರಂದು ತೀರಿಕೊಂಡರು.

ರಾಸ್ ಮಲೇರಿಯಾದ ಆರೋಪದಿಂದ ಬಿಟ್ಟ ಪಟ್ಟೆಸೊಳ್ಳೆಯೇ ಇಂದು ಡೆಂಗಿ ತರುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ನೀರಿನಲ್ಲೂ ಅದು ಮರಿ ಮಾಡುತ್ತದೆ. ಯಾವ ಕಾಯಿಲೆಗೆ ಯಾವ ಸೊಳ್ಳೆ ಎಂದು ತಿಳಿಯುವುದಕ್ಕೆ ರಾಸ್ ಎರಡು ವರ್ಷ ತೆತ್ತರು. ನಮಗೆ ಅಷ್ಟು ಕಾಯಬೇಕಾಗಿಲ್ಲ. ಬೆಂಗಳೂರಿನ ಆ ತೊಟ್ಟಿಯಂತೆ, ನಮ್ಮ ಅಂಗಳದ ಹಾಳೆಯನ್ನೂ ಇಂದೇ ಮಗುಚೋಣ.