ಕನ್ನಡ ವೈಯಾಕರಣ ಕಿಟ್ಟೆಲ್

ಪುತ್ತೂರು ಸೀಮೆಯ ಬೆಟ್ಟಂಪಾಡಿಯಂತಹ ಗ್ರಾಮದಲ್ಲಿ ಬೆಳೆಯುವ ಬಾಲಕನಿಗೆ ವ್ಯಾಕರಣಭೇದವು ಶಾಲೆಯ ಮೆಟ್ಟಿಲೇರುವ ಮೊದಲೇ ಪರಿಚಿತವಾದ ಸಂಗತಿ. ಅಂಗಡಿಯಲ್ಲಿ ತುಳು, ಹವ್ಯಕರ ಮನೆಗಳಲ್ಲಿ ಹವಿಗನ್ನಡ, ಪಾಠದಲ್ಲಿ ಗ್ರಂಥಸ್ಥ ಕನ್ನಡ. ಕೇಳುವವನನ್ನು ಕೂಡಿಸಿಕೊಂಡು ಹೇಳುವ ಬಹುವಚನಕ್ಕೆ ತುಳುವಿನಲ್ಲಿ ‘ನಮ’, ಅವನನ್ನು ಬಿಟ್ಟು ಹೇಳುವುದಕ್ಕೆ ‘ಎಂಕುಳು’. ಹವಿಗನ್ನಡದಲ್ಲಿಯೂ ‘ನಾವು’, ‘ಎಂಗೊ’ ಎಂದು ಎರಡು ರೂಪಗಳು. ಪಠ್ಯಪುಸ್ತಕದ ಕನ್ನಡದಲ್ಲಿ ಇವೆರಡಕ್ಕೂ ‘ನಾವು’ ಒಂದೇ. ಮನೆಮಾತನ್ನು ಅಶುದ್ಧವೆಂದು ಗದರಿಸುವ ಉಪಾಧ್ಯಾಯರು ಹಿಂದೆ ಬಹಳ ಮಂದಿ ಇದ್ದರು. ಈ ಭೇದಗಳಿಗೆ ಕಾರಣವನ್ನು ಕನ್ನಡದ ಒಡಲಲ್ಲಿಯೂ ಅದರ ಸೋದರಭಾಷೆಗಳಲ್ಲಿಯೂ ಅರಸಿದವರಲ್ಲಿ ಫರ್ಡಿನಾಂಡ್ ಕಿಟ್ಟೆಲ್ಲರು ಅಗ್ರಗಣ್ಯರು.

ಜರ್ಮನಿಯ ಪೂರ್ವ ಫ್ರೀಸ್‌ಲೆಂಡಿನ ರೆಸ್ಟರ್‌ಹಾಫೆ ಎಂಬಲ್ಲಿ 1832ರಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಆ ಸೀಮೆಯಲ್ಲಿಯೂ ಜನರಾಡುವ ಕೆಳಜರ್ಮನ್ ಬೇರೆ, ಗ್ರಂಥದ ಜರ್ಮನ್ ಬೇರೆ ಎಂಬುದನ್ನು ಮರೆಯಲಾಗದು. 1853ರಲ್ಲಿ ಬಾಸೆಲ್ ಮಿಷನ್ನಿನ ಪ್ರಚಾರಕರಾಗಿ ಭಾರತಕ್ಕೆ ಬಂದು, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ನೆಲಸಿದರು. ಮತಪ್ರಚಾರಕ್ಕೆಂದು ಬಂದವರು ಭಾಷೆಗೆ ಸೋತರು. ಈ ಒಲವು ಸಹಪ್ರಚಾರಕರೆಲ್ಲರಿಗೂ ಹಿತವೆನಿಸಲಿಲ್ಲ. ಇಲ್ಲಿದ್ದಾಗಲೇ ಮೊದಲ ಪತ್ನಿಯನ್ನೂ ಕಳೆದುಕೊಂಡರು. ಆದರೂ ಓಲೆಗರಿಗಳ ಅಭ್ಯಾಸ ನಿಲ್ಲಲಿಲ್ಲ.

1862ರಲ್ಲಿ ಏಸುವಿನ ಚರಿತೆಯನ್ನು ಕನ್ನಡ ಪದ್ಯಗಳಲ್ಲಿ ಬರೆದು ‘ಕಥಾಮಾಲೆ’ಯೆಂದು ಪ್ರಕಟಿಸಿದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ವೀರಶೈವ ಪುರಾಣಕಥೆಗಳ ಬಗೆಗೂ ಅವರು ಲೇಖನ ಬರೆದುದುಂಟು.

ಕೇಶಿರಾಜನು ಹಳಗನ್ನಡದ ಪ್ರಯೋಗಗಳಲ್ಲಿ ಸಾಧು ಯಾವುದು, ಅಸಾಧು ಯಾವುದೆಂದು ನಿರ್ಣಯಿಸಿದ ಶಾಸ್ತ್ರಕಾರ. ಕಿಟ್ಟೆಲ್ಲರು ಅವನನ್ನು ಗುರುವಾಗಿ ಸ್ವೀಕರಿಸಿದರಾದರೂ, ಅವನ ಗಡಿಯಲ್ಲಿಯೇ ನಿಲ್ಲಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳನ್ನು ಒಂದೇ ಪೀಠದ ಮೇಲೆ ಕುಳ್ಳಿರಿಸಿ ಮೂರರ ರೂಪಗಳನ್ನೂ ಹೋಲಿಸಿದರು. ಹಳಗನ್ನಡದ ‘ಮಾಡಿದಪಂ’ ಎಂಬ ವರ್ತಮಾನರೂಪವು ಮುಂದೆ ‘ಮಾಡಿದಹಂ’ ಆಗಿ, ಹೊಸಗನ್ನಡದಲ್ಲಿ ಬಿದ್ದುಹೋಗಿ ‘ಮಾಡುತ್ತಾನೆ’ ಬಂದಿತು. ‘ಮರಮಂ’ ಎಂಬುದರ ಸ್ಥಾನಕ್ಕೆ ‘ಮರವನ್ನು’ ಬಂದಿತು. ಇವುಗಳಲ್ಲಿ ಒಂದನ್ನು ತಪ್ಪೆನ್ನುವುದು ಅಜ್ಜನಿಗೂ ಮೊಮ್ಮಗನಿಗೂ ಜಗಳ ಹಚ್ಚಿದಂತೆ. ಹಳಗನ್ನಡದ ‘ಪುಲಿ’ ಇಂದು ‘ಹುಲಿ’ಯಾಗಿದ್ದರೆ ತುಳುವರು ಇಂದಿಗೂ ‘ಪಿಲಿ’ಯೆನ್ನುತ್ತಾರೆ, ಕನ್ನಡ ಬಿಟ್ಟುಕೊಟ್ಟ ಪಕಾರವನ್ನು ನೆರೆಮನೆ ಕಾಪಾಡಿಕೊಂಡಿದೆ. ಇಂತಹ ಸಂಬಂಧಗಳನ್ನು ಕಾಣಿಸಲೆಂದೇ ಕಿಟ್ಟೆಲ್ಲರು ತಮ್ಮ ನಿಘಂಟಿನಲ್ಲಿ ತಮಿಳು, ತೆಲುಗು, ಮಲಯಾಳ, ತುಳು ಮಾತುಗಳನ್ನು ಕನ್ನಡದ ಪಕ್ಕದಲ್ಲಿಟ್ಟರು.

ಆ ನಿಘಂಟಿಗೆ ತೆತ್ತ ಬೆಲೆ ಸಣ್ಣದಲ್ಲ. 1877ರಲ್ಲಿ ಸ್ವದೇಶಕ್ಕೆ ಮರಳಿದ್ದರೂ, ಕನ್ನಡಿಗರ ಬಾಯಿಂದ ಕೇಳದೆ ಪುಸ್ತಕಗಳಿಂದಷ್ಟೇ ಈ ಕಾರ್ಯ ಮುಗಿಯದೆಂದರಿತು, ಐವತ್ತು ದಾಟಿದ ವಯಸ್ಸಿನಲ್ಲಿ 1883ರಲ್ಲಿ ಪುನಃ ಇಲ್ಲಿಗೆ ಬಂದರು. ಕಾವ್ಯಶಾಸ್ತ್ರಗಳ ಶಬ್ದಗಳೊಂದಿಗೆ ಗಾದೆಗಳೂ ಆಡುಮಾತುಗಳೂ ಆ ಕೋಶಕ್ಕೆ ಸೇರಿದವು. ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಎರಡು ವರ್ಷಗಳ ಅನಂತರ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಎಪ್ಪತ್ತರ ಹರೆಯದಲ್ಲಿಯೂ ಲೇಖನಿಯನ್ನು ಕೆಳಗಿಡಲಿಲ್ಲ. ಕನ್ನಡದ ಮೂರು ಅವಸ್ಥೆಗಳನ್ನೊಳಗೊಂಡ ಅವರ ಇಂಗ್ಲಿಷ್ ವ್ಯಾಕರಣಗ್ರಂಥವು 1903ರಲ್ಲಿ ಮಂಗಳೂರಿನಿಂದ ಹೊರಬಿದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ಕಿಟ್ಟೆಲ್ಲರು ದಿವಂಗತರಾದರು.